ಹೋಗುವಾಗ ವಿಮಾನ, ಬರುವಾಗ ಲಾರಿ

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ಟೀಚರ್ ಕಾಲಿಗೆ. ಈ ಕಥೆಯ ಹುಡುಗಿ ಬೆಳೆದದ್ದು ಅಂಥ ಕಾರಿದ್ದ ಮನೆಯಲ್ಲಿ, ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು ಕೂರುತ್ತಿದ್ದವಳು ಅವಳ ಅಮ್ಮ. ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದ ಹೆಂಗಸು. ಕಲಿತವರು ಎದುರಿಗೆ ಟೀಚರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕ್ ಮೇಡಂ ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬಸ್ಸಿನಲ್ಲಿ ಕೂತರೂ ಅಮ್ಮನ ಕಾಲು ನೆಲ ಒತ್ತುತ್ತಿತ್ತು. ಸಿನಿಮಾದಲ್ಲಿ ಕಾರು ಜೋರಾಗಿ ಓಡಿದರೆ ಮುಂದಿನ ಸಾಲಿನಲ್ಲಿ ಕೂತ ಪಾಪದವರ ಕುರ್ಚಿಗೆ ಒದೆ ಬೀಳುತ್ತಿತ್ತು.

ಹುಡುಗಿಯನ್ನು ಮನೆಯಲ್ಲಿ ಮಿಡತೆ ಎಂದು ಕರೆಯುತ್ತಿದ್ದರು. ಹೆಜ್ಜೆ ಹಾಕುವುದು ಕಲಿತಾಗಿನಿಂದ ಅವಳು ನಡೆದದ್ದು ಕಡಿಮೆ. ಮೆಟ್ಟಿಲಿಂದ, ಕಾಂಪೌಂಡ್ ಗೋಡೆಯಿಂದ, ಕಾರಿನ ಬಾನೆಟ್ಟಿನಿಂದ ಹಾರಿದ್ದೇ ಹೆಚ್ಚು. ಆ ಹೆಸರಿಟ್ಟವರು ಅಮ್ಮನ ಅಣ್ಣ, ಲಾರಿ ಮಾವ. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದ ಮೇಲೆ ಅವರು ತಂಗಿಯ ಶಾಲೆಯಲ್ಲೇ ದೊಡ್ಡ ಗಾಡಿ ಕಲಿಯಲು ಬಂದವರಿಗೆ ಪಾಠ ಹೇಳುತ್ತಿದ್ದರು. ಅಪ್ಪ ಶಾಲೆಯ ಫೋನು ನೋಡಿಕೊಳ್ಳುತ್ತ, ರಸ್ತೆ ಚಿಹ್ನೆಗಳ ತರಗತಿ ತೆಗೆದುಕೊಳ್ಳುತ್ತ, ಮನೆಯಲ್ಲಿ ಯಾರು ಏನು ಹೇಳಿದರೂ ಹೌದಪ್ಪ ಎನ್ನುತ್ತ ಸುಖವಾಗಿದ್ದರು.

ಮಿಡತೆಗೆ ಚಿಕ್ಕಂದಿನಿಂದ ಒಂದೇ ಹುಚ್ಚು, ಹಾರಬೇಕು. ಮೋಡದ ನಡುವೆ ವಿಮಾನದ ಸದ್ದು ಕೇಳಿದರೆ ಸಾಕು, ತಟ್ಟೆಯ ಅನ್ನ ಬಿಟ್ಟು ಅಂಗಳಕ್ಕೆ ಓಡುತ್ತಿದ್ದಳು. ನಾನೂ ಹಾರ್ತೀನಿ ಎಂದು ಮೊದಲ ಸಲ ಹೇಳಿದಾಗ ಅಮ್ಮ, ಮೊದಲು ಊಟ ಮುಗಿಸು ಎಂದಿದ್ದಳು. ಪದವಿ ಮುಗಿಸಿ ಮತ್ತೆ ಅದನ್ನೇ ಹೇಳಿದಳು. ಕುರ್ಚಿಯಲ್ಲಿ ಕೂತಲ್ಲೇ ಅಮ್ಮನ ಕಾಲು ನೆಲ ಒತ್ತಿತು, ಅದನ್ನು ಮಗಳು ನೋಡಿದಳು.

ಹಟ ಯಾರನ್ನು ಕೇಳುತ್ತದೆ? ಲಿಖಿತ ಪರೀಕ್ಷೆ, ಓಟ, ಸಂದರ್ಶನ, ವೈದ್ಯರ ತಪಾಸಣೆ ಎಲ್ಲವನ್ನೂ ದಾಟಿ ಮಿಡತೆ ಸೈನ್ಯದ ಅಧಿಕಾರಿ ತರಬೇತಿಗೆ ಆಯ್ಕೆಯಾದಳು. ಸುದ್ದಿ ಬಂದ ದಿನ ಅವಳು ಬಾನೆಟ್ಟಿನ ಮೇಲೆ ಹತ್ತಿ ಕುಣಿದು ಅದನ್ನು ನಗ್ಗಿಸಿದಳು. ಅಮ್ಮ ಬೈಯಲಿಲ್ಲ. ಅಷ್ಟರಮಟ್ಟಿಗೆ ಆ ದಿನ ದೊಡ್ಡದು.

ಉಳಿದದ್ದು ಒಂದೇ ಕೆಲಸ. ತರಬೇತಿಯ ದಾರಿ ಎರಡಿದ್ದವು, ಯಾವುದು ಬೇಕೆಂದು ಆಯ್ಕೆ ಕಚೇರಿಗೆ ಖುದ್ದಾಗಿ ಹೋಗಿ ಹೇಳಬೇಕಿತ್ತು. ಹೇಳಿದ ಮೇಲೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ. ಮೊದಲನೆಯದು ವಾಯುಗಾಮಿ ಪಡೆ. ಈ ಪಡೆಯಲ್ಲಿ ಪ್ರತಿಯೊಬ್ಬ ಅಧಿಕಾರಿಯೂ ಹಾರುವುದು ಕಡ್ಡಾಯ ಎಂದು ಕೈಪಿಡಿ ಹೇಳುತ್ತಿತ್ತು. ಎರಡನೆಯದು ವೈಮಾನಿಕ ಶಾಖೆ. ಅಲ್ಲಿ ಮೊದಲು ಒಂದು ಕೌಶಲ ಪರೀಕ್ಷೆ. ಗೆದ್ದವರಿಗೆ ಹಾರಾಟ, ಸೋತವರಿಗೆ ನೆಲದ ಮೇಲಿನ ಕೆಲಸ. ಆ ಪರೀಕ್ಷೆ ಜನ್ಮದಲ್ಲಿ ಒಂದೇ ಸಲ, ಬಿದ್ದರೆ ಬಿದ್ದಂತೆಯೇ.

ಒಂದು ಕಡೆ ಎಲ್ಲರೂ ಹಾರಲೇಬೇಕು. ಇನ್ನೊಂದು ಕಡೆ ಹಾರಲೂಬಹುದು, ಕಡತ ಹೊರಲೂಬಹುದು. ಹಾರುವ ಆಸೆ ಇದ್ದವರು ಯಾವುದನ್ನು ಆರಿಸುತ್ತಾರೆ? ಮಿಡತೆಗೆ ಎರಡು ಮಾತಿರಲಿಲ್ಲ. ಕೈಪಿಡಿಯ ಮುಂದಿನ ಪುಟಗಳನ್ನು ಓದಿದ್ದರೆ ಸಂಗತಿ ಬೇರೆಯಾಗುತ್ತಿತ್ತು. ಆದರೆ ಮನಸ್ಸಿಗೆ ಬೇಕಾದ ವಾಕ್ಯ ಸಿಕ್ಕ ಮೇಲೆ ಪುಟ ತಿರುಗಿಸುವಷ್ಟು ತಾಳ್ಮೆ ಯಾರಿಗಿರುತ್ತದೆ? ಸಾಲದ್ದಕ್ಕೆ ಮನೆಯಲ್ಲೇ ಒಬ್ಬ ಕಣ್ಣಾರೆ ಕಂಡ ಸಾಕ್ಷಿ ಇದ್ದರು. ಅವರಿಗಿಂತ ಕೈಪಿಡಿ ಹೆಚ್ಚೇ?

ಲಾರಿ ಮಾವನಿಗೆ ಸೈನ್ಯದ ವಿಷಯ ಕೇಳಿದರೆ ಹಬ್ಬ. ಚಹಾದ ಲೋಟ ಪಕ್ಕಕ್ಕಿಟ್ಟು, ಮೀಸೆ ಒರೆಸಿಕೊಂಡು ಶುರು ಮಾಡಿದರು. ವಾಯುಗಾಮಿ ಪಡೆಯ ಮೈದಾನದಲ್ಲೇ ತಾವು ವರ್ಷಗಟ್ಟಲೆ ಲಾರಿ ನಿಲ್ಲಿಸಿಕೊಂಡು ಕಾದಿದ್ದು, ಗಂಡಸರು ಹೆಂಗಸರು ಅನ್ನದೆ ಎಲ್ಲರೂ ಸೇರಿದ ಕೆಲವೇ ತಿಂಗಳಿಗೆ ಹಾರಿದ್ದು, ಕೆಳಗಿನಿಂದ ನೋಡಿದರೆ ಸಾಸಿವೆ ಕಾಳಿನ ಹಾಗೆ ಕಾಣುತ್ತಿದ್ದದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿದರು.

“ಒಬ್ಬರ ಹಿಂದೆ ಒಬ್ಬರು ಟಪಟಪ ಅಂತ ಹಾರೋರು ಕಣೇ. ನಿನ್ನ ವಯಸ್ಸಿನ ಹುಡುಗೀರು. ನಾನು ಬಾಯಿ ಬಿಟ್ಕೊಂಡು ನೋಡ್ತಾ ನಿಂತಿರ್ತಿದ್ದೆ.”

ಮಿಡತೆಯ ಕಣ್ಣ ಮುಂದೆ ರನ್‌ವೇ ಬಂತು, ಅದರ ಮೇಲೆ ಸಾಲಾಗಿ ನಿಂತ ವಿಮಾನಗಳು ಬಂದವು, ಒಂದರ ಹಿಂದೆ ಒಂದು ಟಪಟಪ ಹಾರಿದವು. ನಾಲ್ಕನೆಯದರಲ್ಲಿ ಕೂತಿದ್ದವಳು ಅವಳೇ. ಮೈ ಜುಮ್ಮೆಂದಿತು. ಹಾಗಾದರೆ ಆ ವೈಮಾನಿಕ ಶಾಖೆ ಹೇಗೆ ಎಂದು ಸುಮ್ಮನೆ ಒಂದು ಮಾತು ಕೇಳಿದಳು.

ಮಾವ ತುಟಿ ಸೊಟ್ಟ ಮಾಡಿದರು. “ಅಲ್ಲಿ ಯಾರನ್ನೂ ಹಾರ್ಸಲ್ಲ. ಸೀಟಿಗೆ ಕಟ್ಟಿ ಕೂರಿಸಿಬಿಡ್ತಾರೆ. ಎದುರಿಗೆ ಸಾಲಾಗಿ ಗಡಿಯಾರಗಳು, ಕಿವಿಗೆ ಫೋನು. ಕೆಲಸ ಮುಗಿಯೋವರೆಗೂ ಎದ್ದು ನಿಲ್ಲೋ ಹಾಗಿಲ್ಲ.”

ಸೀಟು, ಗಡಿಯಾರ, ಫೋನು. ಮಿಡತೆಗೆ ಅಪ್ಪನ ಮೇಜು ನೆನಪಾಯಿತು. ಅಲ್ಲಿಗೆ ವೈಮಾನಿಕ ಶಾಖೆಯ ಕಥೆ ಮುಗಿಯಿತು.

ಆದರೆ ಅದೇ ಮಾತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಿವಿಗೂ ಬಿದ್ದಿತ್ತು. ಅವಳ ಕಿವಿ ನೆಟ್ಟಗಾಗಿತ್ತು. ಆ ದಿನದಿಂದ ಅಮ್ಮ ವೈಮಾನಿಕ ಶಾಖೆಯ ಪರ ಕೈ ತೊಳೆದುಕೊಂಡು ಮಗಳ ಹಿಂದೆ ಬಿದ್ದಳು. ಸೀಟಿಗೆ ಕಟ್ಟಿ ಕೂರಿಸುತ್ತಾರೆಂದರೆ ಎಂಥ ಒಳ್ಳೆಯ ಜನ, ಅಧಿಕಾರಿಯೂ ಆಯಿತು, ಸಮವಸ್ತ್ರವೂ ಆಯಿತು, ಬೆಲ್ಟು ಹಾಕಿಕೊಂಡು ಕೂತರೆ ಯಾರಿಗೇನು ತೊಂದರೆ ಎಂದಳು. ಮಗಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೂತು ಕೆಲಸ ಮಾಡುವುದಕ್ಕೆ ಸೈನ್ಯವೇ ಯಾಕೆ, ನಿನ್ನ ಶಾಲೆಯಲ್ಲೇ ಅಪ್ಪನ ಪಕ್ಕ ಇನ್ನೊಂದು ಕುರ್ಚಿ ಹಾಕು ಎಂದಳು. ಅಪ್ಪ ಇಬ್ಬರಿಗೂ ಹೌದು ಎಂದರು.

ಕೊನೆಗೆ ಅಮ್ಮ ಸೋತಳು. ಜೀವನ ನಿನ್ನದು, ಆರಿಸಿಕೋ ಎಂದು ಒಂದೇ ಮಾತು ಹೇಳಿ ಪಾಠಕ್ಕೆ ಹೊರಟುಹೋದಳು. ಆ ಸಂಜೆ ಅವಳ ಬಳಿ ಕಲಿಯಲು ಬಂದವರು ಸಿಕ್ಕಿದ್ದಕ್ಕೆಲ್ಲ ಬ್ರೇಕು ಹಾಕಿಸಿಕೊಂಡು ಕುತ್ತಿಗೆ ನೋವಿನಿಂದ ಮನೆಗೆ ಹೋದರು.

ಆಯ್ಕೆ ಹೇಳಬೇಕಾದ ಬೆಳಿಗ್ಗೆ ಮೂವರೂ ಶಾಲೆಯ ಕಾರಿನಲ್ಲೇ ಹೊರಟರು. ಸ್ಟೇರಿಂಗ್ ಹಿಂದೆ ಮಿಡತೆ, ಪಕ್ಕದಲ್ಲಿ ಎಂದಿನಂತೆ ಅಮ್ಮ, ಹಿಂದೆ ಕಾಲು ಚಾಚಿಕೊಂಡು ಲಾರಿ ಮಾವ. ಮಿಡತೆಯ ಮುಖ ಊರಗಲ ಅರಳಿತ್ತು. ಅಂಗಡಿಗಳು ಬಾಗಿಲು ತೆಗೆಯುತ್ತಿದ್ದವು, ಸಿಗ್ನಲ್ಲುಗಳೆಲ್ಲ ಅವಳಿಗಾಗಿಯೇ ಹಸಿರಾಗುತ್ತಿದ್ದವು, ಹಳದಿ ಟೋಪಿ ಹಾಕಿದ ರಸ್ತೆ ಕೆಲಸದವರೂ ಅವಳಿಗೆ ಒಳ್ಳೆಯವರಾಗಿ ಕಂಡರು. ಅಮ್ಮ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಅದು ಮಿಡತೆಯ ಸಂತೋಷದಲ್ಲಿ ಚುಚ್ಚುವ ಒಂದೇ ಮುಳ್ಳು. ಇವತ್ತೊಂದು ದಿನ ಅಮ್ಮ ನಕ್ಕಿದ್ದರೆ ಎಂದು ಅವಳ ಜೀವ ಹಾತೊರೆಯಿತು.

ಮಾವನಿಗೆ ಮೌನ ಆಗಿಬರುವುದಿಲ್ಲ. ಮೇಲ್ಸೇತುವೆ ಹತ್ತುವಾಗ ತಂಗಿಗೆ ಧೈರ್ಯ ಹೇಳಲು ಹೊರಟರು.

“ಸುಮ್ನೆ ಯಾಕೆ ಹೆದರ್ತೀಯ? ಎಷ್ಟು ಜನಾನ ನಗ್ತಾ ನಗ್ತಾ ವಾಪಸ್ ಕರ್ಕೊಂಡು ಬಂದಿದ್ದೀನಿ ನಾನು. ಹೋಗೋವಾಗ ವಿಮಾನ, ಬರೋವಾಗ ನನ್ನ ಲಾರಿ.”

ಅಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು. ಭಯ ಒಂದು ಕಡೆ ಇರಲಿ, ಅವಳು ಶಾಲೆಯ ಯಜಮಾನಿ. ಗಾಡಿ ತೆಗೆದುಕೊಂಡು ಹೋದವರು ಗಾಡಿಯನ್ನು ಎಲ್ಲೋ ಬಿಟ್ಟು ಕೈಬೀಸಿಕೊಂಡು ಬರುವುದನ್ನು ಅವಳು ಜನ್ಮದಲ್ಲಿ ಸಹಿಸಿದವಳಲ್ಲ.

“ವಿಮಾನ ಎಲ್ಲಿ ಬಿಟ್ಟು ಬರೋರು ಅಣ್ಣ?”

“ಎಲ್ಲಿ ಬಿಡ್ತಾರೆ? ಅದು ವಾಪಸ್ ಹೋಗುತ್ತೆ.”

“ಯಾರು ತಗೊಂಡು ಹೋಗ್ತಾರೆ? ಎಲ್ಲರೂ ನಿನ್ನ ಲಾರೀಲಿದಾರಲ್ಲ.”

“ಅದರ ಡ್ರೈವರ್ ತಗೊಂಡು ಹೋಗ್ತಾನೆ,” ಎಂದರು ಮಾವ, ಇದನ್ನೂ ಬಿಡಿಸಿ ಹೇಳಬೇಕೇ ಎಂಬಂತೆ. “ಅವನೆಲ್ಲಿ ಹಾರ್ತಾನೆ? ಅವನನ್ನ ಸೀಟಿಗೆ ಕಟ್ಟಿರ್ತಾರೆ. ಹಾರೋರು ಹಿಂದೆ ಇರ್ತಾರೆ. ಬಾಗಿಲು ತೆಗೀತಾರೆ, ಒಬ್ಬೊಬ್ಬರೇ ಹಾರ್ತಾರೆ, ಬೆನ್ನ ಮೇಲಿನ ಕೊಡೆ ಬಿಚ್ಚಿಕೊಳ್ಳುತ್ತೆ, ಕೆಳಗೆ ಹುಲ್ಲಿನ ಮೇಲೆ ನಾನು ಲಾರಿ ಇಟ್ಕೊಂಡು…”

ಕಾರು ಕೀಚೆಂದು ನಿಂತಿತು. ನಿಲ್ಲಿಸಿದ್ದು ಮಿಡತೆಯಲ್ಲ.

ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಮೇಲ್ಸೇತುವೆಯ ನೆತ್ತಿಯ ಮೇಲೆ, ನಟ್ಟನಡುವೆ, ಡ್ರೈವಿಂಗ್ ಶಾಲೆಯ ಬೋರ್ಡು ಹೊತ್ತ ಕಾರು ನಿಂತುಬಿಟ್ಟಿತ್ತು. ಪಕ್ಕದಲ್ಲಿ ಸಾಗಿದ ಒಬ್ಬ ಪುಣ್ಯಾತ್ಮ, ಮೊದಲು ಟೀಚರಿಗೆ ಯಾರಾದರೂ ಕಲಿಸ್ರಪ್ಪ ಎಂದು ಕೂಗಿ ಹೋದ. ಅಮ್ಮನಿಗೆ ಅದು ಕೇಳಿಸಲೂ ಇಲ್ಲ.

ಮಿಡತೆ ಬೆಪ್ಪಾಗಿ ಕೂತಿದ್ದಳು. ಅವಳ ಕಣ್ಣ ಮುಂದಿನ ರನ್‌ವೇಯಿಂದ ವಿಮಾನಗಳು ಒಂದೊಂದಾಗಿ ಮಾಯವಾದವು. ಆ ಜಾಗದಲ್ಲಿ ತೆರೆದ ಬಾಗಿಲೊಂದು ಕಾಣಿಸಿತು, ಅದರ ಅಂಚಿನಲ್ಲಿ ನಿಂತ ಅವಳು ಕಾಣಿಸಿದಳು. ಅಯ್ಯೋ ದೇವರೇ, ಕಾಂಪೌಂಡ್ ಗೋಡೆಯಿಂದ ಹಾರಿದ ಹಾಗೆ ಆಕಾಶದಿಂದ ಹಾರುವುದೇ? ಮಾವ ಮೊದಲಿನಿಂದ ಹೇಳುತ್ತಿದ್ದದ್ದು ಇದನ್ನೇ? ಅವರು ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಹಾರುವುದು ಎಂದಿದ್ದರು, ಅವಳು ಹಾರುವುದು ಎಂದು ಕೇಳಿಸಿಕೊಂಡಿದ್ದಳು. ಲಾರಿ ಓಡಿಸಿದವರ ಲೆಕ್ಕದಲ್ಲಿ ಚಕ್ರವಿರುವ ಯಾವುದನ್ನೇ ಆದರೂ ಓಡಿಸುತ್ತಾರೆ. ಹಾರುವವರೇನಿದ್ದರೂ ಬಾಗಿಲಿಂದ ಆಚೆ ಹೋಗುವವರು.

ಆ ಬಾಗಿಲು ಮರೆಯಾಗುವಷ್ಟರಲ್ಲಿ ಇನ್ನೊಂದು ಸಂಗತಿ ಅವಳ ತಲೆಗೆ ಹೊಳೆಯಿತು. ಹೊಳೆದ ರಭಸಕ್ಕೆ ಅವಳು ಸ್ಟೇರಿಂಗ್ ಬಿಟ್ಟು ಹಿಂದಕ್ಕೆ ತಿರುಗಿದಳು.

“ಮಾವ, ಆ ಗಡಿಯಾರಗಳು, ಕಿವಿಗೆ ಫೋನು… ಅದು ವಿಮಾನದ ಒಳಗಾ?”

“ಮತ್ತೆ? ಮನೆ ಜಗಲೀಲಾ?”

ಸೀಟಿಗೆ ಕಟ್ಟಿ ಕೂರಿಸುತ್ತಾರೆ. ಮಿಡತೆಗೆ ನಗು ಬಂತು, ಅಳುವೂ ಬಂತು. ಹಗಲೂ ಇರುಳೂ ಕನಸಿನಲ್ಲಿ ಕೂತಿದ್ದ ಸೀಟನ್ನೇ ಅವಳು ಅಪ್ಪನ ಮೇಜಿನ ಪಕ್ಕದ ಕುರ್ಚಿ ಎಂದು ಒದ್ದು ಬಂದಿದ್ದಳು. ಇನ್ನು ಸ್ವಲ್ಪ ಹೊತ್ತು ಮಾವ ಸುಮ್ಮನಿದ್ದಿದ್ದರೆ ವಾಯುಗಾಮಿ ಎಂದು ಹೇಳಿಯೂ ಬಿಡುತ್ತಿದ್ದಳು. ಆ ಪಡೆಯವರೇನು ಸಾಮಾನ್ಯರಲ್ಲ, ಬಾಗಿಲಲ್ಲಿ ನಿಲ್ಲುವ ಎದೆಗಾರಿಕೆ ಅವಳಿಗೆ ತಿಳಿಯದ್ದೂ ಅಲ್ಲ. ಆದರೆ ಅವಳಿಗೆ ಬೇಕಿದ್ದದ್ದು ವಿಮಾನ, ವಿಮಾನದ ಬಾಗಿಲಲ್ಲ.

ಅಮ್ಮ ಇನ್ನೂ ಬ್ರೇಕಿನಿಂದ ಕಾಲು ತೆಗೆದಿರಲಿಲ್ಲ. ಮಗಳ ಮುಖವನ್ನೇ ನೋಡುತ್ತಿದ್ದಳು, ಆ ಮುಖವನ್ನು ಮೊದಲ ಸಲ ಕಂಡವಳ ಹಾಗೆ.

“ನಿನಗೆ ಬೇಕಾಗಿರೋದು ವಿಮಾನ ಓಡಿಸೋದಾ?”

“ಅದನ್ನೇ ಅಲ್ವಾ ಅಮ್ಮ ಹುಟ್ಟಿದಾಗಿಂದ ಹೇಳ್ತಿರೋದು?”

“ಎಲ್ಲಿ ಹೇಳ್ದೆ? ಹಾರ್ತೀನಿ ಹಾರ್ತೀನಿ ಅಂದೆ. ಗೋಡೆ ಹತ್ತಿ ಹಾರೋಳು ಹಾಗಂದ್ರೆ ನಾನು ಏನು ಅಂದ್ಕೊಳ್ಲಿ? ಎಲ್ಲಿಂದಲೋ ಬೀಳ್ತೀಯ, ಇಲ್ಲಾ ನಮ್ಮನ್ನ ಬಿಟ್ಟು ಹಾರಿಹೋಗ್ತೀಯ ಅಂದ್ಕೊಂಡೆ. ಓಡಿಸ್ತೀನಿ ಅಂತ ಒಂದೇ ಒಂದು ದಿನ ಬಾಯಿ ಬಿಟ್ಟಿದ್ಯಾ?”

ನಿಜ, ಬಿಟ್ಟಿರಲಿಲ್ಲ. ಓಡಿಸುವುದು ಆ ಮನೆಯಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ಧೂಳು, ಗೇರು, ರಿವರ್ಸು, ಎಣ್ಣೆ ಮೆತ್ತಿದ ಚಿಂದಿಬಟ್ಟೆ. ತನ್ನ ಆಸೆ ಅದಕ್ಕಿಂತ ಬಹಳ ಮೇಲಿನದು ಎಂದುಕೊಂಡಿದ್ದ ಮಿಡತೆ ಅಪ್ಪಿತಪ್ಪಿಯೂ ಆ ಪದ ಬಳಸಿರಲಿಲ್ಲ. ಈಗ ಅದೇ ಪದ ಕೇಳಿ ಅಮ್ಮನ ಕಣ್ಣು ಹೊಳೆಯುತ್ತಿತ್ತು. ಅಮ್ಮ ಸರಿಯಾಗಿ ಕೂತಳು, ಬ್ರೇಕಿನಿಂದ ಕಾಲು ತೆಗೆದಳು, ಕನ್ನಡಿ ನೋಡು, ಇಂಡಿಕೇಟರ್ ಹಾಕು, ಹೊರಡು ಎಂದು ಟೀಚರ್ ದನಿಯಲ್ಲಿ ಹೇಳಿದಳು. ಮುಂದಿನ ದಾರಿಯುದ್ದಕ್ಕೂ ಪ್ರಶ್ನೆಗಳ ಸುರಿಮಳೆ. ಅದಕ್ಕೆ ಕ್ಲಚ್ ಇದೆಯೇ? ಹಿಂದೆ ಬರುವವರು ಹೇಗೆ ಕಾಣುತ್ತಾರೆ? ತಿರುಗುವಾಗ ಕೋಲು ಮೊದಲೋ ಪೆಡಲ್ ಮೊದಲೋ? ಮಿಡತೆ ಗೊತ್ತಿದ್ದಷ್ಟು ಹೇಳಿದಳು. ಹಿಂದಿನ ಸೀಟಿನಲ್ಲಿ ಮಾವ, ತಾವು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಪೆಚ್ಚುಮೋರೆ ಹಾಕಿಕೊಂಡು ಕೇಳುತ್ತಲೇ ಇದ್ದರು.

ಆಯ್ಕೆ ಕಚೇರಿಯ ಕಾರಿಡಾರಿನಲ್ಲಿ ಉಕ್ಕಿನ ಬೆಂಚುಗಳಿದ್ದವು. ಒರೆಸಿದ ನೆಲ ಇನ್ನೂ ಒದ್ದೆಯಾಗಿತ್ತು. ಮೇಜಿನ ಹಿಂದಿದ್ದ ಮಹಿಳಾ ಅಧಿಕಾರಿ ತಲೆಯೆತ್ತಿ, ವಾಯುಗಾಮಿಯೋ ವೈಮಾನಿಕವೋ ಎಂದು ಕೇಳಿದರು. ಮಿಡತೆ ಉಸಿರು ಎಳೆದುಕೊಂಡಳು.

“ವೈಮಾನಿಕ. ವಿಮಾನ ಓಡಿಸೋದು.”

ಅಧಿಕಾರಿ ನಕ್ಕು, ನಾವು ಹಾರಿಸೋದು ಅಂತೀವಿ ಎಂದರು. ಏನಾದರೂ ಅನ್ನಿ, ಸೀಟಲ್ಲಿ ಕೂತು ತಾನೇ ಎಂದು ಹಿಂದಿನಿಂದ ಅಮ್ಮ ಖಚಿತಪಡಿಸಿಕೊಂಡಳು.

ನಗು ಅಲ್ಲಿಗೆ ನಿಂತಿತು. ಕೌಶಲ ಪರೀಕ್ಷೆಯ ಯಂತ್ರ ಪಕ್ಕದ ಕೋಣೆಯಲ್ಲೇ ಇದೆ, ಈ ಶಾಖೆ ಆರಿಸಿದವರು ಈಗಲೇ ಕೂರಬೇಕು ಎಂದರು ಅಧಿಕಾರಿ. ಮಿಡತೆ ಈ ಪರೀಕ್ಷೆಯಿಂದ ತಪ್ಪಿಸಿಕೊಂಡೆ ಎಂದುಕೊಂಡು ಮನೆಯಿಂದ ಹೊರಟವಳು. ಇಲ್ಲಿ ಬಿದ್ದರೆ ಅಪ್ಪನ ಮೇಜು ನಿಜವಾಗಿಯೂ ಗಟ್ಟಿ. ಕೆಳಗೆ ಕೂತು, ಬೇರೆಯವರು ಹಾರಿಸುವ ವಿಮಾನಗಳನ್ನು ಜೀವನಪೂರ್ತಿ ತಲೆಯೆತ್ತಿ ನೋಡಬೇಕು. ಬಾಗಿಲ ತನಕ ಬಂದ ಅಮ್ಮನನ್ನು ಅಲ್ಲೇ ತಡೆದರು.

ಕೋಣೆಯಲ್ಲಿ ಒಂದು ಸೀಟು, ಕೈಗೊಂದು ಕೋಲು, ಕಾಲಿಗೆ ಎರಡು ಪೆಡಲ್, ಎದುರಿಗೆ ಪರದೆ. ಪರದೆಯ ನಡುವೆ ಒಂದು ವೃತ್ತ, ಅದರೊಳಗೊಂದು ಬಿಳಿ ಚುಕ್ಕೆ. ಚುಕ್ಕೆ ಹೊರಗೆ ಓಡಿಹೋಗದಂತೆ ಕೈಕಾಲುಗಳಿಂದ ಹಿಡಿದಿಡಬೇಕು, ಅಷ್ಟೇ. ಬೆಲ್ಟು ಬಿಗಿದರು. ಶುರುವಿನಲ್ಲಿ ಚುಕ್ಕೆ ಸಾಧು ಪ್ರಾಣಿಯಂತಿತ್ತು. ಮಿಡತೆಗೆ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಅದಕ್ಕೆ ಹುಚ್ಚು ಹಿಡಿಯಿತು. ಎಡಕ್ಕೆಂದರೆ ಬಲಕ್ಕೆ, ಮೇಲಕ್ಕೆಂದರೆ ಕೆಳಕ್ಕೆ. ಒಂದು ಸಲ ಇದ್ದಕ್ಕಿದ್ದಂತೆ ವೃತ್ತದ ಅಂಚಿಗೆ ನುಗ್ಗಿತು.

ಆ ಗಳಿಗೆಯಲ್ಲಿ ಮಿಡತೆಗೆ ತನ್ನ ಬಗ್ಗೆಯೇ ಗೊತ್ತಿಲ್ಲದ ಒಂದು ವಿಷಯ ಗೊತ್ತಾಯಿತು. ಅವಳ ಕಾಲು ಕಾಯುತ್ತಿತ್ತು. ಪಕ್ಕದ ಸೀಟಿನಿಂದ ಬ್ರೇಕು ಬೀಳುತ್ತದೆ ಎಂದು ಕಾಯುತ್ತಿತ್ತು. ನಾಯಿ ಅಡ್ಡ ಬಂದಾಗ, ಸೈಕಲ್ಲು ನುಗ್ಗಿದಾಗ, ತಿರುವಿನಲ್ಲಿ ಬಸ್ಸು ಎದುರಾದಾಗ, ಅವಳ ಕಾಲು ಅಲ್ಲಾಡುವ ಮೊದಲೇ ಕಾರು ಯಾವಾಗಲೂ ನಿಂತಿತ್ತು. ತಾನು ಒಳ್ಳೆಯ ಡ್ರೈವರ್ ಎಂದುಕೊಂಡಿದ್ದಳು. ಅರ್ಧ ಡ್ರೈವರ್ ಅಷ್ಟೇ, ಉಳಿದರ್ಧ ಅಮ್ಮ. ಈಗ ಪಕ್ಕದಲ್ಲಿ ಸೀಟೇ ಇರಲಿಲ್ಲ.

ಅವಳಿಗೆ ಭಯವಾಯಿತು. ಭಯದ ಹಿಂದೆಯೇ, ಕೆನ್ನೆಗೆ ತಣ್ಣೀರು ಎರಚಿದ ಹಾಗೆ, ಒಂದು ದೊಡ್ಡ ಉತ್ಸಾಹ ಬಂತು. ಕಾಲು ತಾನಾಗಿ ಪೆಡಲ್ ಒತ್ತಿತು, ಕೈ ಕೋಲನ್ನು ಎಳೆಯಿತು, ಅಂಚಿನಲ್ಲಿದ್ದ ಚುಕ್ಕೆ ತಡವರಿಸಿ ಒಳಗೆ ಬಂತು. ಆಮೇಲೆ ಅವಳು ಯಾರಿಗೂ ಕಾಯಲಿಲ್ಲ. ಚುಕ್ಕೆ ಎತ್ತ ಓಡುತ್ತದೆಂದು ಅದು ಓಡುವ ಮೊದಲೇ ಕಾಲಿಗೆ ತಿಳಿಯತೊಡಗಿತು. ಪರದೆ ಆರಿದಾಗ ಅವಳು, ಮುಗೀತಾ, ಇನ್ನೊಂದು ಸಲ ಕೊಡ್ತೀರಾ ಎಂದು ಕೇಳಿಬಿಟ್ಟಳು. ಜನ್ಮದಲ್ಲಿ ಒಂದೇ ಸಲ ಎಂದು ಯಂತ್ರದವರು ನೆನಪಿಸಿ, ಪಕ್ಕದ ಕಂಪ್ಯೂಟರ್ ನೋಡಿ, ಹೋಗಮ್ಮ, ನಿನಗೆ ಇನ್ನೊಂದು ಸಲ ಬೇಕಾಗಿಲ್ಲ ಎಂದರು.

ಬಾಗಿಲು ತೆಗೆದು ಹೊರಗೆ ಹಾರಿದ ಮಿಡತೆ ಅಲ್ಲೇ ನಿಂತಳು.

ಕಾರಿಡಾರಿನ ಬೆಂಚಿನ ಮೇಲೆ ಅಮ್ಮ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಎರಡೂ ಕಾಲು ಬೆಂಚಿನ ಮೇಲೆ, ಪಾದಗಳು ಸೆರಗಿನೊಳಗೆ, ಸೆರಗಿನ ಮೇಲೆ ಎರಡೂ ಕೈ ಬಿಗಿಯಾಗಿ. ಚಪ್ಪಲಿ ಕೆಳಗೆ ಒದ್ದೆ ನೆಲದ ಮೇಲೆ ಬಿದ್ದಿದ್ದವು. ನೆಲ ಒರೆಸುವವರು ಎರಡು ಸಲ ಬಂದು ಕಾಲು ಇಳಿಸಿ ಕೂರಮ್ಮ, ಇದು ಕಚೇರಿ ಎಂದರೂ ಸುತರಾಂ ಇಳಿಸಲಿಲ್ಲ ಎಂದು ಮಾವ ದೂರು ಹೇಳಿದರು.

“ಏನಮ್ಮ ಇದು?” ಎಂದಳು ಮಿಡತೆ.

ಅಮ್ಮ ಮಗಳ ಮುಖ ನೋಡಿದಳು. ಕೇಳುವ ಮೊದಲೇ ಅವಳಿಗೆ ಉತ್ತರ ಸಿಕ್ಕಿತ್ತು, ಕಣ್ಣು ತುಂಬಿ ಬಂದಿತ್ತು. ಆದರೂ ಕಾಲು ಇಳಿಸಲಿಲ್ಲ.

“ಕೆಳಗಿಟ್ಟಿದ್ರೆ ಬ್ರೇಕ್ ಹಾಕಿಬಿಡ್ತಿದ್ದೆ ಕಣೇ,” ಎಂದಳು. “ಈಗ ಇಳಿಸ್ಲಾ?”